ಇಂಜಿನ್ ಬಿಚ್ಚಿ ಕಟ್ಟಿದ ಮೇಲೂ ಹೊಗೆಯೇ? ಮಾರುತಿ 800ರಲ್ಲಿ ಕಾರಣ ಹುಡುಕಿ ಸರಿಪಡಿಸುವ ಬಗೆ

ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಕೊರೆಸಿ, ಹೊಸ ಪಿಸ್ಟನ್, ರಿಂಗ್, ವಾಲ್ವ್ ಸೀಲ್ ಹಾಕಿ ಕಟ್ಟಿದ ಇಂಜಿನ್ನು ಸ್ಟಾರ್ಟ್ ಮಾಡಿದ ಕೂಡಲೇ ಸೈಲೆನ್ಸರ್‌ನಿಂದ ಹೊಗೆ ಎದ್ದರೆ, ಗಾಡಿಯವರಿಗೂ ಮೆಕ್ಯಾನಿಕ್‌ಗೂ ಕೈಕಾಲು ಆಡುವುದಿಲ್ಲ. ಸಾಮಾನ್ಯವಾಗಿ ಆಗುವುದೇನೆಂದರೆ, "ರಿಂಗ್ ಸರಿ ಇಲ್ಲ" ಎಂದು ತೀರ್ಮಾನಿಸಿ ಮತ್ತೆ ಇಂಜಿನ್ ಇಳಿಸುತ್ತಾರೆ, ಅದೇ ಬೋರ್‌ಗೆ ಇನ್ನೊಂದು ಸೆಟ್ ರಿಂಗ್ ಹಾಕುತ್ತಾರೆ, ಹೊಗೆ ಹಾಗೆಯೇ ಉಳಿಯುತ್ತದೆ. ಕಾರಣ ಗೊತ್ತಾಗುವ ಮೊದಲು ಬಿಚ್ಚಿದರೆ ಗುರುತುಗಳೆಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಸ್ಪಾನರ್ ಹಿಡಿಯುವ ಮೊದಲು ಮಾಡಬೇಕಾದ ಕೆಲಸ ತುಂಬಾ ಇದೆ.

ಇಲ್ಲಿನ ಅಳತೆಗಳು ಕಾರ್ಬುರೇಟರ್ ಇರುವ ಮಾರುತಿ 800ರ ಮೂರು ಸಿಲಿಂಡರ್, 796 ಸಿಸಿ ಇಂಜಿನ್ನಿಗೆ ಸೇರಿದವು: ಬೋರ್ 68.5 ಮಿ.ಮೀ., ಸ್ಟ್ರೋಕ್ 72 ಮಿ.ಮೀ. ಓಮ್ನಿಯಲ್ಲೂ ಇದೇ ಬಗೆಯ ಇಂಜಿನ್ ಇದೆ. ಬೇರೆ ಪೆಟ್ರೋಲ್ ಕಾರಿಗೂ ಹುಡುಕುವ ದಾರಿ ಇದೇ. ಅಳತೆಗಳನ್ನು ಮಾತ್ರ ಆ ಗಾಡಿಯ ವರ್ಕ್‌ಶಾಪ್ ಪುಸ್ತಕದಿಂದ ತೆಗೆದುಕೊಳ್ಳಿ.

ಮೊದಲ ದಿನದ ಹೊಗೆಗೆ ಹೆದರಬೇಡಿ

ಇಂಜಿನ್ ಕಟ್ಟುವಾಗ ಬೋರ್‌ಗೆ, ಪಿಸ್ಟನ್ನಿಗೆ, ವಾಲ್ವ್ ಕಾಂಡಕ್ಕೆ ಹಚ್ಚಿದ ಆಯಿಲ್ ಮೊದಲ ಹದಿನೈದು ಇಪ್ಪತ್ತು ನಿಮಿಷ ಉರಿಯುತ್ತದೆ. ಮ್ಯಾನಿಫೋಲ್ಡ್ ಮೇಲೆ ಬಿದ್ದ ಗ್ರೀಸು, ಕೈಗುರುತು, ಪೇಂಟು ಕೂಡ ಹೊಗೆಯಾಡುತ್ತವೆ, ಆದರೆ ಅದು ಬಾನೆಟ್ ಕೆಳಗಿನ ಹೊಗೆ. ಬಹಳ ಜನ ಮರೆಯುವುದು ಹಳೆಯ ಸೈಲೆನ್ಸರನ್ನು. ಬಿಚ್ಚುವ ಮೊದಲು ಗಾಡಿ ತಿಂಗಳುಗಟ್ಟಲೆ ಆಯಿಲ್ ಕುಡಿದಿದ್ದರೆ, ಆ ಆಯಿಲ್ ಸೈಲೆನ್ಸರ್ ಡಬ್ಬದೊಳಗೆ ಕೂತಿರುತ್ತದೆ. ಇಂಜಿನ್ ಹೊಸದಾದರೂ ಡಬ್ಬ ಬಿಸಿಯಾದ ಮೇಲೆ ನೀಲಿ ಹೊಗೆ ಬರುತ್ತದೆ, ಹೈವೇಯಲ್ಲಿ 50ರಿಂದ 100 ಕಿ.ಮೀ. ಓಡಿಸುವವರೆಗೂ ಬರಬಹುದು.

ಇದನ್ನು ಬೇರ್ಪಡಿಸುವುದು ಸುಲಭ. ಇಂಜಿನ್ ತಣ್ಣಗಿರುವಾಗ ಮ್ಯಾನಿಫೋಲ್ಡ್‌ನಿಂದ ಇಳಿಯುವ ಪೈಪ್ ಸೈಲೆನ್ಸರಿಗೆ ಸೇರುವ ಜಾಯಿಂಟ್ ಬಿಚ್ಚಿ ಪಕ್ಕಕ್ಕೆ ಸರಿಸಿ. ಬಯಲಿನಲ್ಲಿ ನಿಲ್ಲಿಸಿ ಸ್ಟಾರ್ಟ್ ಮಾಡಿ, ಬಿಸಿಯಾದ ಮೇಲೆ ಎರಡು ನಿಮಿಷ ಸಾಧಾರಣ ರೇಸ್ ಕೊಟ್ಟು ನೋಡಿ. ಪೈಪ್ ಬಾಯಲ್ಲಿ ಹೊಗೆ ಇಲ್ಲದೆ, ಜೋಡಿಸಿದಾಗ ಮಾತ್ರ ಬಂದರೆ ಇಂಜಿನ್ನಿನ ತಪ್ಪಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಇದನ್ನು ಮಾಡಲೇಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಡಿಸೆಂಬರಿನ ಬೆಂಗಳೂರು, ಮಡಿಕೇರಿ ಬೆಳಗುಗಳಲ್ಲಿ ಕಾಣುವ ಬಿಳಿ ಆವಿ ಹೊಗೆಯೇ ಅಲ್ಲ. ಪೆಟ್ರೋಲ್ ಉರಿದಾಗ ನೀರು ಹುಟ್ಟುತ್ತದೆ, ತಣ್ಣನೆ ಪೈಪಿನಲ್ಲಿ ಅದು ಆವಿಯಾಗಿ ಕಾಣುತ್ತದೆ. ಸೈಲೆನ್ಸರ್ ಬಾಲದಿಂದ ಒಂದಡಿ ದೂರದಲ್ಲೇ ಕರಗಿ, ಇಂಜಿನ್ ಬಿಸಿಯಾದ ಮೇಲೆ ನಿಂತುಹೋದರೆ ಬಿಟ್ಟುಬಿಡಿ.

ಬಣ್ಣ ನೋಡಿ, ಅದಕ್ಕಿಂತ ಹೆಚ್ಚಾಗಿ ಹೊತ್ತು ನೋಡಿ

ಕಪ್ಪು ಹೊಗೆ ಎಂದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ನೀಲಿ ಎಂದರೆ ಆಯಿಲ್; ಸುಟ್ಟ ಎಣ್ಣೆಯ ಕಮಟು ವಾಸನೆ ಬರುತ್ತದೆ, ಗಾಳಿಯಲ್ಲಿ ತೇಲುತ್ತ ನಿಲ್ಲುತ್ತದೆ. ದಟ್ಟ ಬಿಳಿ, ಬಿಸಿಯಾದ ಮೇಲೂ ನಿಲ್ಲದೆ, ಸ್ವಲ್ಪ ಸಿಹಿ ವಾಸನೆಯಿದ್ದರೆ ಕೂಲೆಂಟ್. ಮೋಡದ ಹೊತ್ತಿನಲ್ಲಿ ನೀಲಿ, ಬಿಳಿ ಒಂದೇ ಥರ ಕಾಣುವುದರಿಂದ ಮೂಗನ್ನೂ ನಂಬಿ. ಬಾಲದ ಬಾಯಿಗೆ ಬಿಳಿ ಕಾಗದ ಹಿಡಿದು ನೋಡಿ: ಎಣ್ಣೆ ಚುಕ್ಕೆ ಒಣಗುವುದಿಲ್ಲ, ನೀರಿನ ಚುಕ್ಕೆ ಒಣಗುತ್ತದೆ.

ನೀಲಿ ಹೊಗೆಯಾದರೆ ಅದು ಯಾವಾಗ ಬರುತ್ತದೆ ಎಂಬುದೇ ಮುಖ್ಯ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ದೊಡ್ಡ ಉಂಡೆ ಹೊಗೆ ಉಗುಳಿ ಆಮೇಲೆ ಶುದ್ಧವಾದರೆ, ಹೆಡ್ ಮೇಲಿನ ಆಯಿಲ್ ವಾಲ್ವ್ ಸೀಲ್ ದಾಟಿ ಕೆಳಗಿಳಿದಿದೆ. ಸಿಗ್ನಲ್‌ನಲ್ಲಿ ಎರಡು ಮೂರು ನಿಮಿಷ ನಿಂತು ಹೊರಟಾಗ ಬರುವ ಉಂಡೆಯೂ ಅದೇ ಜಾತಿ. ನಂದಿ ಬೆಟ್ಟದಂಥ ಇಳಿಜಾರಿನಲ್ಲಿ ಗೇರ್ ಹಾಕಿ ಆಕ್ಸಿಲರೇಟರ್ ಬಿಟ್ಟು ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗ ಹೊಗೆ ಬಂದರೆ ಗೈಡ್ (ವಾಲ್ವ್ ಕಾಂಡ ಜಾರುವ ಕೊಳವೆ) ಮತ್ತು ಸೀಲ್ ಕಡೆ ಬೆರಳು ಮಾಡಿ: ಆಕ್ಸಿಲರೇಟರ್ ಮುಚ್ಚಿದಾಗ ಇನ್‌ಟೇಕ್‌ನಲ್ಲಿ ಎಳೆತ ಅತಿ ಹೆಚ್ಚು, ಗೈಡ್ ಸಂದಿನ ಆಯಿಲ್ಲನ್ನು ಅದೇ ಹೀರುತ್ತದೆ. ಆಯಿಲ್ ರಿಂಗ್ ಕೆಟ್ಟಿದ್ದರೂ ಇಳಿಜಾರಿನಲ್ಲಿ ಸ್ವಲ್ಪ ಹೊಗೆ ಬರುವುದುಂಟು, ಆದರೆ ಅದು ಏರಿನಲ್ಲೂ ಬರುತ್ತದೆ. ನಾಲ್ಕು ಜನ ಕೂತು ಏರು ಹತ್ತುವಾಗ, ಪಿಕಪ್ ಕೊಟ್ಟಾಗ, ಹೊಗೆ ಬಿಡದೆ ಬಂದರೆ ರಿಂಗ್ ಅಥವಾ ಬೋರ್.

ಬಿಚ್ಚದೆಯೇ ಸರಿಹೋಗುವ ತಪ್ಪುಗಳು

ಡಿಪ್‌ಸ್ಟಿಕ್ ಮೊದಲು. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ನೋಡಿ. ಮೇಲಿನ ಗುರುತು ದಾಟಿದ್ದರೆ ಕ್ರ್ಯಾಂಕ್ ಆಯಿಲ್ಲಿಗೆ ಬಡಿದು ನೊರೆ ಎಬ್ಬಿಸಿ ಬೋರ್‌ಗೆ ಎರಚುತ್ತದೆ. ಕಡ್ಡಿಯನ್ನು ಮೂಸಿಯೂ ನೋಡಿ. ಪೆಟ್ರೋಲ್ ವಾಸನೆ ಬಂದು ಮಟ್ಟ ತಾನಾಗಿಯೇ ಏರಿದ್ದರೆ, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಹರಿದಿರಬಹುದು, ಇಲ್ಲವೇ ಕಾರ್ಬುರೇಟರ್ ಉಕ್ಕುತ್ತಿರಬಹುದು. ತೆಳುವಾದ ಆಯಿಲ್ ಹೊಸ ರಿಂಗನ್ನೂ ಬೇರಿಂಗನ್ನೂ ಬೇಗ ತಿನ್ನುತ್ತದೆ, ಆ ಆಯಿಲ್‌ನಲ್ಲಿ ಒಂದು ಕಿಲೋಮೀಟರೂ ಓಡಿಸಬೇಡಿ.

ಆಮೇಲೆ ಬ್ರೀದರ್. ಟ್ಯಾಪೆಟ್ ಕವರಿನಿಂದ ಏರ್ ಕ್ಲೀನರಿಗೆ ಹೋಗುವ ರಬ್ಬರ್ ಪೈಪ್ ತೆಗೆದು ಒಳಗೆ ನೋಡಿ. ಆಯಿಲ್ ತೊಟ್ಟಿಕ್ಕುತ್ತಿದ್ದರೆ, ಏರ್ ಫಿಲ್ಟರ್ ಒದ್ದೆಯಾಗಿದ್ದರೆ, ಆಯಿಲ್ ಕಾರ್ಬುರೇಟರ್ ಮೂಲಕವೇ ಸಿಲಿಂಡರಿಗೆ ಹೋಗುತ್ತಿದೆ. ಪೈಪನ್ನು ಬಾಟಲಿಗೆ ಇಳಿಬಿಟ್ಟು, ಏರ್ ಕ್ಲೀನರ್ ಕಡೆಯ ತೂತು ಮುಚ್ಚಿ ಹತ್ತು ಕಿ.ಮೀ. ಓಡಿಸಿ. ಹೊಗೆ ನಿಂತರೆ ದಾರಿ ಸಿಕ್ಕಿತು. ಇದು ಪರೀಕ್ಷೆಗೆ ಮಾತ್ರ, ಹೀಗೇ ಬಿಡುವಂತಿಲ್ಲ. ಟ್ಯಾಪೆಟ್ ಕವರಿನೊಳಗೆ ಆಯಿಲ್ ತಡೆಯುವ ತಗಡಿನ ಹಿಂದೆ ಕಿಟ್ಟ ಕಟ್ಟಿದೆಯೇ, ಹೆಡ್‌ನಿಂದ ಆಯಿಲ್ ಕೆಳಗಿಳಿಯುವ ತೂತುಗಳು ಮುಚ್ಚಿವೆಯೇ ನೋಡಿ. ಗ್ಯಾಸ್ಕೆಟ್‌ಗೆ ಅನಬಾಂಡ್ ಅಂಟು ಧಾರಾಳವಾಗಿ ಬಳಿದರೆ ಹೊರಗೆ ಕಾಣುವಷ್ಟೇ ಒಳಗೂ ಉಬ್ಬಿರುತ್ತದೆ, ಅದು ಕಳಚಿ ಈ ತೂತುಗಳಲ್ಲೋ ಆಯಿಲ್ ಜಾಲರಿಯಲ್ಲೋ ಸಿಕ್ಕಿಕೊಳ್ಳುತ್ತದೆ. ಕೆಳಗಿಳಿಯದ ಆಯಿಲ್ ಹೆಡ್‌ನಲ್ಲೇ ತುಂಬಿ, ಒಳ್ಳೆಯ ಸೀಲ್‌ಗಳನ್ನೂ ಮುಳುಗಿಸುತ್ತದೆ.

ಕಪ್ಪು ಹೊಗೆಯಾದರೆ ಏರ್ ಫಿಲ್ಟರ್, ಅರ್ಧಕ್ಕೇ ಸಿಕ್ಕಿಕೊಂಡ ಚೋಕ್, ಫ್ಲೋಟ್ ಮಟ್ಟ, ನೀಡಲ್ ವಾಲ್ವಿನ ಕೆಳಗೆ ಕಸ, ಈ ಕ್ರಮದಲ್ಲಿ ನೋಡಿ. ಇಂಜಿನ್ ಬಿಚ್ಚಿದ್ದಕ್ಕೂ ಇದಕ್ಕೂ ಹೆಚ್ಚು ಸಂಬಂಧವಿಲ್ಲ, ಆದರೆ ಬಿಟ್ಟರೆ ಪೆಟ್ರೋಲ್ ಬೋರ್ ತೊಳೆದು ರಿಂಗ್ ಕೂರಲು ಬಿಡುವುದಿಲ್ಲ.

ಕಂಪ್ರೆಷನ್ ಗೇಜ್ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇಂಜಿನ್ ಬಿಸಿ ಮಾಡಿ. ಕಾಯಿಲ್‌ಗೆ ಬರುವ ತೆಳು ವೈರ್ ತೆಗೆದು ಕಿಡಿ ನಿಲ್ಲಿಸಿ. ಮೂರೂ ಪ್ಲಗ್ ತೆಗೆದು, ಯಾವುದು ಯಾವ ಸಿಲಿಂಡರಿನದು ಎಂದು ಸಾಲಾಗಿ ಇಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರಿನ ಪ್ಲಗ್ ತೂತಿಗೂ ಗೇಜ್ ಹಾಕಿ, ಐದಾರು ಒತ್ತಿಗೆ ಕ್ರ್ಯಾಂಕ್ ಮಾಡಿ. ಬ್ಯಾಟರಿ ಸೋತಿದ್ದರೆ ಅಳತೆ ಸುಳ್ಳಾಗುತ್ತದೆ. ಸುಮಾರು 12ರಿಂದ 14 ಕೆ.ಜಿ./ಚ.ಸೆಂ.ಮೀ. ಬರಬೇಕು, ಸಿಲಿಂಡರುಗಳ ನಡುವೆ 1 ಕೆ.ಜಿ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ, ಅಂದರೆ 5 ಮಿ.ಲೀ. ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್ ಅಥವಾ ಬೋರ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಹೆಚ್ಚಿನವರು ಎಡವುವುದು ಇದರ ನಂತರ. ಕಂಪ್ರೆಷನ್ ಚೆನ್ನಾಗಿದೆ, ಆದ್ದರಿಂದ ರಿಂಗ್ ಚೆನ್ನಾಗಿವೆ ಎನ್ನುತ್ತಾರೆ. ಕಂಪ್ರೆಷನ್ ಹಿಡಿಯುವುದು ಮೇಲಿನ ಎರಡು ರಿಂಗ್ ಮಾತ್ರ. ಮೂರನೆಯ ಆಯಿಲ್ ರಿಂಗ್ ತಪ್ಪಾಗಿ ಕೂತಿದ್ದರೂ ಗೇಜ್ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಬೋರ್‌ನಲ್ಲಿ ಉಳಿದ ಆಯಿಲ್ ಸಂದು ಮುಚ್ಚುವುದರಿಂದ ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚೇ ತೋರಿಸುತ್ತದೆ. ಹೊಸದಾಗಿ ಕಟ್ಟಿದ ಇಂಜಿನ್ನಿನಲ್ಲಿ ಕಂಪ್ರೆಷನ್ ಚೆನ್ನಾಗಿದ್ದು ಏರಿನಲ್ಲಿ ನೀಲಿ ಹೊಗೆ ಬಂದರೆ ಮೊದಲ ಅನುಮಾನ ಆಯಿಲ್ ರಿಂಗ್ ಮೇಲೆಯೇ ಇರಲಿ.

ಕಂಪ್ರೆಸರ್ ಇದ್ದರೆ ಗಾಳಿ ಸೋರಿಕೆ ಪರೀಕ್ಷೆ ಇನ್ನೂ ಚೆನ್ನ. ಪಿಸ್ಟನ್ ಕಂಪ್ರೆಷನ್ ಹೊಡೆತದ ತುದಿಗೆ ತಂದು, ಕ್ರ್ಯಾಂಕ್ ತಿರುಗದಂತೆ ಹಿಡಿದು, ಪ್ಲಗ್ ತೂತಿನಿಂದ ಗಾಳಿ ಬಿಡಿ. ಆಯಿಲ್ ಹಾಕುವ ಬಾಯಲ್ಲಿ ಸುಯ್ ಎಂದರೆ ರಿಂಗ್, ಸೈಲೆನ್ಸರಿನಲ್ಲಿ ಕೇಳಿಸಿದರೆ ಎಕ್ಸಾಸ್ಟ್ ವಾಲ್ವ್, ಕಾರ್ಬುರೇಟರಿನಲ್ಲಾದರೆ ಇನ್‌ಟೇಕ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಗ್ಯಾಸ್ಕೆಟ್ ಅಥವಾ ಹೆಡ್‌ನಲ್ಲಿ ಬಿರುಕು. ಸೋರಿಕೆ ಶೇ. 10ರೊಳಗಿದ್ದರೆ ಚಿಂತೆಯಿಲ್ಲ, ಶೇ. 20 ದಾಟಿದರೆ ಬಿಡಬೇಡಿ.

ಸಾಲಾಗಿಟ್ಟ ಪ್ಲಗ್‌ಗಳನ್ನೂ ಓದಿ. ಒಂದೇ ಪ್ಲಗ್ ಎಣ್ಣೆಯಲ್ಲಿ ಮಿಂದಿದ್ದರೆ ಆ ಒಂದೇ ಸಿಲಿಂಡರಿನ ಕೆಲಸ ಕೆಟ್ಟಿದೆ. ಮೂರೂ ಹಾಗಿದ್ದರೆ ಬೋರಿಂಗ್, ತೊಳೆಯುವಿಕೆ ಅಥವಾ ಬ್ರೀದರ್‌ನಂಥ ಎಲ್ಲಕ್ಕೂ ಸೇರಿದ ಕಾರಣ.

ವಾಲ್ವ್ ಸೀಲ್, ಗೈಡ್

ಹೊಸ ಸೀಲ್ ಹಾಕಿದ್ದಾರೆ ಎಂದ ಮಾತ್ರಕ್ಕೆ ಸೀಲ್ ಸರಿ ಇದೆ ಎಂದಲ್ಲ. ವಾಲ್ವ್ ಕಾಂಡದ ತುದಿಯಲ್ಲಿ ಲಾಕ್ ಕೂರುವ ತೋಡಿನ ಅಂಚು ಚೂಪಾಗಿರುತ್ತದೆ. ಅದರ ಮೇಲೆ ಸೀಲ್ ಎಳೆದರೆ ರಬ್ಬರ್ ತುಟಿ ಸೀಳುತ್ತದೆ. ಆ ಜಾಗಕ್ಕೆ ಒಂದು ಸುತ್ತು ತೆಳು ಟೇಪ್ ಸುತ್ತಿ, ಆಯಿಲ್ ಹಚ್ಚಿ, ಸೀಲನ್ನು ಗೈಡ್ ಮೇಲೆ ಕೈಯಿಂದಲೇ ಒತ್ತಿ ಕೂರಿಸಿ. ಸುತ್ತಿಗೆ ಬೇಡ. ಒಮ್ಮೆ ತೆಗೆದ ಸೀಲನ್ನು ಮತ್ತೆ ಹಾಕಲೇಬಾರದು. ಹೆಡ್ ಬ್ಲಾಕ್ ಮೇಲಿರುವಾಗಲೇ ಸೀಲ್ ಬದಲಿಸಬಹುದು: ಆ ಸಿಲಿಂಡರಿನ ಪಿಸ್ಟನ್ ಇನ್ನೂ ಸ್ವಲ್ಪ ಕೆಳಗಿರುವಾಗ ಪ್ಲಗ್ ತೂತಿನಿಂದ ಗಟ್ಟಿ ಹಗ್ಗ ತುರುಕಿ, ತುದಿ ಹೊರಗಿರಲಿ, ಆಮೇಲೆ ಪಿಸ್ಟನ್ ಮೇಲೆತ್ತಿದರೆ ಹಗ್ಗ ವಾಲ್ವ್‌ಗಳನ್ನು ಒತ್ತಿ ಹಿಡಿಯುತ್ತದೆ. ರಾಕರ್ ತೆಗೆದು ಸ್ಪ್ರಿಂಗ್ ಬಿಚ್ಚಿದಾಗ ವಾಲ್ವ್ ಕೆಳಗೆ ಬೀಳುವುದಿಲ್ಲ.

ಆದರೆ ಗೈಡ್ ಸವೆದಿದ್ದರೆ ಹೊಸ ಸೀಲ್ ಒಂದೆರಡು ತಿಂಗಳಷ್ಟೇ ಬರುತ್ತದೆ, ಏಕೆಂದರೆ ಅಲುಗಾಡುವ ಕಾಂಡ ಸೀಲಿನ ತುಟಿಯನ್ನು ಅಗಲಿಸುತ್ತದೆ. ಸ್ಪ್ರಿಂಗ್ ತೆಗೆದಾಗ ಕಾಂಡ ಅಡ್ಡಡ್ಡ ಆಡುತ್ತದೆಯೇ ನೋಡಿ. ಕಾಂಡ ಮತ್ತು ಗೈಡ್ ನಡುವಿನ ಸಂದು ಇನ್‌ಟೇಕ್‌ನಲ್ಲಿ 0.07 ಮಿ.ಮೀ., ಎಕ್ಸಾಸ್ಟ್‌ನಲ್ಲಿ 0.09 ಮಿ.ಮೀ. ದಾಟಿದರೆ ಗೈಡ್ ಬದಲಿಸಬೇಕು. ಗೈಡ್ ಹೊಡೆದ ಮೇಲೆ ರೀಮರ್ ಹಾಕಿ ಅಳತೆಗೆ ತಂದು, ಸೀಟನ್ನೂ ಮತ್ತೆ ಕತ್ತರಿಸಬೇಕು. ವಾಲ್ವ್ ಗ್ರೈಂಡಿಂಗ್ ಪೇಸ್ಟ್ ಗೈಡಿನೊಳಗೆ ಉಳಿದರೆ ಹೊಸ ಗೈಡ್ ಸಾವಿರ ಕಿ.ಮೀ.ನಲ್ಲೇ ಹಳೆಯದಾಗುತ್ತದೆ.

ರಿಂಗ್ ಮತ್ತು ಬೋರ್: ಬಿಚ್ಚಲೇಬೇಕಾದಾಗ

ಹೆಡ್ ತೆಗೆದ ಕೂಡಲೇ ಏನನ್ನೂ ಒರೆಸಬೇಡಿ. ಪಿಸ್ಟನ್ ತಲೆಯ ಅಂಚಿನಲ್ಲಿ ಸುತ್ತಲೂ ಕಾರ್ಬನ್ ತೊಳೆದು ಹೊಳೆಯುತ್ತಿದ್ದರೆ ಆಯಿಲ್ ಕೆಳಗಿನಿಂದ, ಅಂದರೆ ರಿಂಗ್ ದಾಟಿ ಬಂದಿದೆ. ಇನ್‌ಟೇಕ್ ವಾಲ್ವಿನ ಬೆನ್ನ ಮೇಲೆ ದಪ್ಪ ಒದ್ದೆ ಕಾರ್ಬನ್ ಇದ್ದರೆ ಮೇಲಿನಿಂದ ಬಂದಿದೆ. ಈ ಒಂದು ನೋಟ ಅರ್ಧ ವಾದವನ್ನು ಮುಗಿಸುತ್ತದೆ.

ಆಯಿಲ್ ರಿಂಗ್ ಮೂರು ತುಂಡಿನದು: ನಡುವೆ ಅಲೆಯಂತಿರುವ ಎಕ್ಸ್‌ಪ್ಯಾಂಡರ್, ಮೇಲೆ ಕೆಳಗೆ ಎರಡು ತೆಳು ಪಟ್ಟಿ. ಎಕ್ಸ್‌ಪ್ಯಾಂಡರಿನ ಎರಡು ತುದಿಗಳು ಒಂದಕ್ಕೊಂದು ಮುಖಾಮುಖಿ ತಾಗಬೇಕು. ಒಂದರ ಮೇಲೊಂದು ಹತ್ತಿದರೆ ಅದರ ಸುತ್ತಳತೆ ಕಡಿಮೆಯಾಗಿ ಪಟ್ಟಿಗಳು ಬೋರ್‌ಗೆ ಒತ್ತುವುದೇ ಇಲ್ಲ, ಆ ಸಿಲಿಂಡರ್ ಮೊದಲ ದಿನದಿಂದಲೇ ಆಯಿಲ್ ಕುಡಿಯುತ್ತದೆ. ಪಿಸ್ಟನ್ನನ್ನು ರಿಂಗ್ ಕಂಪ್ರೆಸರಿನಿಂದ ಒಳಗಿಳಿಸುವಾಗಲೂ ತುದಿ ಹತ್ತಿಕೊಳ್ಳಬಹುದು, ಅದಕ್ಕೆ ಇಳಿಸುವ ಮುನ್ನ ಕೊನೆಯ ಸಲ ನೋಡಿ. ಎರಡು ಪಟ್ಟಿಗಳ ಬಾಯಿಗಳು (ತುದಿಗಳು ಸೇರುವ ಜಾಗ) ಎಕ್ಸ್‌ಪ್ಯಾಂಡರ್ ಬಾಯಿಯಿಂದ ಆಚೀಚೆ ದೂರ ಇರಲಿ. ಮೇಲಿನ ಎರಡು ರಿಂಗುಗಳಲ್ಲಿ ಅಕ್ಷರ ಅಥವಾ ಗುರುತು ಇರುವ ಮುಖ ಮೇಲಕ್ಕೆ ಬರಬೇಕು. ಎರಡನೆಯ ರಿಂಗ್ ಬುಡಮೇಲಾದರೆ ಆಯಿಲ್ ಕೆರೆದು ಇಳಿಸುವ ಬದಲು ಮೇಲಕ್ಕೆ ಏರಿಸುತ್ತದೆ. ಪಿಸ್ಟನ್ ತಲೆಯ ಬಾಣ ಪುಲ್ಲಿ ಕಡೆಗಿರಲಿ.

ಪ್ರತಿ ರಿಂಗನ್ನೂ ಅದು ಹೋಗುವ ಬೋರ್‌ನಲ್ಲೇ ಇಟ್ಟು, ತಲೆಕೆಳಗಾದ ಪಿಸ್ಟನ್ನಿನಿಂದ ನೇರವಾಗಿ ಕೆಳಕ್ಕೆ ತಳ್ಳಿ, ಫೀಲರ್ ಗೇಜ್‌ನಿಂದ ಬಾಯಿ ಅಳೆಯಿರಿ. ಮೇಲಿನ ರಿಂಗಿಗೆ 0.20ರಿಂದ 0.30 ಮಿ.ಮೀ. ಒಳ್ಳೆಯದು, 0.7 ಮಿ.ಮೀ. ಕೊನೆಯ ಗಡಿ. ಬೋರ್ 0.10 ಮಿ.ಮೀ. ಸವೆದರೆ ಬಾಯಿ 0.31 ಮಿ.ಮೀ. ಅಗಲವಾಗುತ್ತದೆ, ವೃತ್ತದ ಲೆಕ್ಕವೇ ಅದು. ಹಾಗಾಗಿ ಸವೆದ ಬೋರ್‌ಗೆ "ರಿಂಗ್ ಮಾತ್ರ ಬದಲಿಸಿ" ಎನ್ನುವುದು ಹಣ ಉಳಿಸುವ ದಾರಿಯಲ್ಲ. ಬೋರ್ ಡಯಲ್ ಗೇಜ್‌ನಿಂದ ಮೇಲೆ, ನಡುವೆ, ಕೆಳಗೆ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಅಳೆಯಿರಿ. ಮೇಲೆ ಕೆಳಗೆ 0.10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ 0.25 ಅಥವಾ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ನಿಗೆ ಬೋರ್ ಮಾಡಿಸಿ. ಪಿಸ್ಟನ್‌ಗಳನ್ನು ಮೊದಲು ಕೊಂಡು, ಅವನ್ನು ಬೋರಿಂಗ್ ಅಂಗಡಿಯವರ ಕೈಗೆ ಕೊಟ್ಟ ಮೇಲೆಯೇ ಬೋರ್ ಕೊರೆಯಬೇಕು. ಪಿಸ್ಟನ್ ಮತ್ತು ಬೋರ್ ನಡುವೆ ಸಂದು ಸುಮಾರು 0.04 ಮಿ.ಮೀ. ಸಾಕು.

ಹೋನಿಂಗ್ (ಬೋರ್ ಗೋಡೆಯನ್ನು ಕಲ್ಲಿನಿಂದ ಉಜ್ಜುವ ಕೆಲಸ) ಮಾಡಿದ ಗೀರುಗಳು ಒಂದನ್ನೊಂದು ಸುಮಾರು 45ರಿಂದ 60 ಡಿಗ್ರಿ ಕೋನದಲ್ಲಿ ದಾಟುತ್ತಿರಬೇಕು. ಕನ್ನಡಿಯಂತೆ ಹೊಳೆಯುವ ಬೋರ್ ನೋಡಲು ಚಂದ, ಆಯಿಲ್ ಹಿಡಿಯುವುದಿಲ್ಲ, ರಿಂಗ್ ಕೂರುವುದಿಲ್ಲ. ಹೋನ್ ಆದ ಮೇಲೆ ತೊಳೆಯುವ ಕೆಲಸವನ್ನು ಕಟ್ಟುವವರೇ ಮಾಡಿ, ಬೇರೆಯವರಿಗೆ ಬಿಡಬೇಡಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಯಲ್ಲಿ ಒರೆಸಿದರೆ ಎಣ್ಣೆ ಹೋಗುತ್ತದೆ, ಕಲ್ಲಿನ ಪುಡಿ ಗೀರಿನೊಳಗೇ ಉಳಿಯುತ್ತದೆ. ಬಿಸಿನೀರು, ಬಟ್ಟೆ ಸೋಪು, ಗಟ್ಟಿ ಬ್ರಷ್ ಹಿಡಿದು ಉಜ್ಜಿ. ಆಯಿಲ್ ಹಚ್ಚಿದ ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಬರುತ್ತಿದ್ದರೆ ಮತ್ತೆ ಉಜ್ಜಿ. ಬಟ್ಟೆ ಬಿಳಿಯಾಗಿ ಉಳಿದ ತಕ್ಷಣ ಒಣಗಿಸಿ ಆಯಿಲ್ ಬಳಿಯಿರಿ, ಇಲ್ಲದಿದ್ದರೆ ಹತ್ತೇ ನಿಮಿಷದಲ್ಲಿ ತುಕ್ಕು ಏಳುತ್ತದೆ. ಹೊಸ ಇಂಜಿನ್ ಎರಡು ಸಾವಿರ ಕಿ.ಮೀ.ಗೇ ಹೊಗೆ ಹಿಡಿದಿದೆ ಎಂದರೆ, ಹಲವು ಸಲ ಈ ಬೂದು ಪುಡಿಯೇ ರಿಂಗನ್ನು ತಿಂದಿರುತ್ತದೆ.

ಬೋರ್‌ನಲ್ಲಿ ಒಂದೇ ಪಕ್ಕ ಉಜ್ಜಿದ ಗುರುತಿದ್ದರೆ ಕನೆಕ್ಟಿಂಗ್ ರಾಡ್ ಬಾಗಿದೆಯೇ ಪರೀಕ್ಷಿಸಿ. ಬೇರಿಂಗ್ ಸಂದು ಹೆಚ್ಚಿದ್ದರೆ ಅಲ್ಲಿಂದ ಚಿಮ್ಮುವ ಆಯಿಲ್ ಒಳ್ಳೆಯ ರಿಂಗಿಗೂ ಮೀರಿದ್ದಾಗುತ್ತದೆ.

ಬಿಳಿ ಹೊಗೆ

ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ರೇಸ್ ಕೊಟ್ಟಷ್ಟೂ ಗುಳ್ಳೆ ಬಿಡದೆ ಬಂದರೆ ಉರಿದ ಗಾಳಿ ನೀರಿಗೆ ನುಗ್ಗುತ್ತಿದೆ. ಕಟ್ಟಿದ ಹೊಸದರಲ್ಲಿ ಒಳಗೆ ಸಿಕ್ಕಿದ ಗಾಳಿಯೂ ಸ್ವಲ್ಪ ಹೊತ್ತು ಬರುತ್ತದೆ, ಅದು ಐದು ಹತ್ತು ನಿಮಿಷಕ್ಕೆ ನಿಲ್ಲಬೇಕು. ಬಿಸಿ ಇಂಜಿನ್ನಿನ ಮುಚ್ಚಳ ಎಂದೂ ತೆರೆಯಬೇಡಿ. ನೀರು ನುಗ್ಗುವ ಸಿಲಿಂಡರಿನ ಪ್ಲಗ್ ಮಾತ್ರ ತೊಳೆದಂತೆ ಬಿಳಿಯಾಗಿರುತ್ತದೆ. ಆಯಿಲ್ ಮುಚ್ಚಳದಡಿ ಮಜ್ಜಿಗೆಯಂಥ ಕೆನೆ ಕಂಡರೆ ಇನ್ನೂ ಓಡಿಸಬೇಡಿ.

ಹೆಡ್ ಅಲ್ಯೂಮಿನಿಯಂದು, ಒಮ್ಮೆ ಕಾದರೆ ಬಾಗುತ್ತದೆ. ನೇರ ಪಟ್ಟಿ ಇಟ್ಟು ಫೀಲರ್ ತೂರಿಸಿ, 0.05 ಮಿ.ಮೀ. ದಾಟಿದರೆ ಮಟ್ಟ ಮಾಡಿಸಿ. ಬ್ಲಾಕಿನ ಮುಖವನ್ನೂ ನೋಡಿ, ಅದನ್ನು ಬಹಳ ಜನ ಬಿಡುತ್ತಾರೆ. ಬೋಲ್ಟ್ ತೂತುಗಳಲ್ಲಿ ಆಯಿಲ್ ಅಥವಾ ನೀರು ನಿಂತಿದ್ದರೆ ಬೋಲ್ಟ್ ಅದನ್ನು ಒತ್ತಿ ಟಾರ್ಕ್ ರೆಂಚ್ ಬೇಗ "ಟಕ್" ಎನ್ನುತ್ತದೆ, ಗ್ಯಾಸ್ಕೆಟ್ ಮಾತ್ರ ಸಡಿಲವೇ ಉಳಿಯುತ್ತದೆ. ತೂತುಗಳನ್ನು ಗಾಳಿಯಿಂದ ಊದಿ, ನಡುವಿನಿಂದ ಹೊರಕ್ಕೆ, ಮೂರು ಸುತ್ತಿನಲ್ಲಿ 5.5ರಿಂದ 6.0 ಕೆ.ಜಿ.ಮೀ.ಗೆ ಬಿಗಿಯಿರಿ. ಬೋರ್‌ವೆಲ್ ನೀರು ತುಂಬಬೇಡಿ. ಸುಣ್ಣ ಕಟ್ಟಿ ದಾರಿ ಮುಚ್ಚಿ, ಮತ್ತೆ ಕಾದು, ಮತ್ತೆ ಗ್ಯಾಸ್ಕೆಟ್ ಹೋಗುತ್ತದೆ.

ರಿಂಗ್ ಕೂರಿಸುವ ಓಟ

ಹೊಸ ಇಂಜಿನ್ನನ್ನು ಗಂಟೆಗಟ್ಟಲೆ ಸ್ಲೋನಲ್ಲಿ (ಆಕ್ಸಿಲರೇಟರ್ ಒತ್ತದೆ) ಬಿಟ್ಟು "ರನ್ನಿಂಗ್" ಮಾಡುವ ಪದ್ಧತಿ ಎಷ್ಟೋ ಗ್ಯಾರೇಜುಗಳಲ್ಲಿದೆ. ಅದು ಒಳ್ಳೆಯ ಉದ್ದೇಶದಿಂದ ಮಾಡುವ ಕೆಟ್ಟ ಕೆಲಸ. ರಿಂಗನ್ನು ಬೋರ್‌ಗೆ ಒತ್ತುವುದು ಸಿಲಿಂಡರಿನ ಒತ್ತಡ. ಸ್ಲೋನಲ್ಲಿ ಆ ಒತ್ತಡ ತೀರಾ ಕಡಿಮೆ. ಆಯಿಲ್ ಗೋಡೆಗೆ ಸುಟ್ಟು ವಾರ್ನಿಷ್‌ನಂತೆ ಅಂಟುತ್ತದೆ, ಆಮೇಲೆ ಮತ್ತೆ ಹೋನ್ ಮಾಡದೆ ಬೇರೆ ದಾರಿಯಿಲ್ಲ.

ಆಯಿಲ್ ಪ್ರೆಷರ್, ಸೋರಿಕೆ, ಬಿಸಿ ನೋಡಿಕೊಂಡು ಹದಿನೈದು ನಿಮಿಷದೊಳಗೆ ರಸ್ತೆಗಿಳಿಸಿ. ಸಿಂಥೆಟಿಕ್ ಬೇಡ, ಸಾಧಾರಣ ಮಿನರಲ್ 20ಡಬ್ಲ್ಯೂ-40 ಇರಲಿ. ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಗಂಟೆಗೆ 30ರಿಂದ 50 ಕಿ.ಮೀ.ವರೆಗೆ ಮುಕ್ಕಾಲು ಆಕ್ಸಿಲರೇಟರ್ ಒತ್ತಿ ಏರಿಸಿ, ಪೂರ್ತಿ ಬಿಟ್ಟು ಗೇರಿನಲ್ಲೇ ಇಳಿಯಲು ಬಿಡಿ. ಹತ್ತು ಹನ್ನೆರಡು ಸಲ ಹೀಗೆ ಮಾಡಿ. ಒತ್ತಿದಾಗ ರಿಂಗ್ ಕೂರುತ್ತದೆ, ಬಿಟ್ಟಾಗ ಎಳೆತ ಆಯಿಲ್ ತಂದು ತಂಪು ಮಾಡುತ್ತದೆ. ಮೊದಲ 500 ಕಿ.ಮೀ. ಒಂದೇ ವೇಗದಲ್ಲಿ ಉದ್ದಕ್ಕೆ ಓಡಿಸಬೇಡಿ, ಭಾರ ಎಳೆಸಬೇಡಿ. 500ಕ್ಕೆ ಆಯಿಲ್, ಫಿಲ್ಟರ್ ಬದಲಿಸಿ.

ಆಮೇಲೆ ಅಳೆಯಿರಿ. ಮೇಲಿನ ಗುರುತಿಗೆ ಸರಿಯಾಗಿ ತುಂಬಿ, 500 ಕಿ.ಮೀ. ಓಡಿಸಿ, ಅಳತೆ ಪಾತ್ರೆಯಿಂದ ಮತ್ತೆ ಅದೇ ಗುರುತಿಗೆ ತನ್ನಿ. 50ರಿಂದ 100 ಮಿ.ಲೀ. ಹಿಡಿದರೆ ರಿಂಗ್ ಕೂರುತ್ತಿದೆ, ಇನ್ನೂ 500 ಕಿ.ಮೀ. ಕಾಯಿರಿ. 250 ಮಿ.ಲೀ. ದಾಟಿದರೆ ಮೇಲಿನ ಪರೀಕ್ಷೆಗಳಿಗೆ ಮರಳಿ. ಎಮಿಷನ್ ಟೆಸ್ಟ್ ಪಾಸಾಯಿತು ಎಂದು ಸಮಾಧಾನಪಡಬೇಡಿ: ಪೆಟ್ರೋಲ್ ಕಾರಿನಲ್ಲಿ ಅದು ನಿಂತ ಗಾಡಿಯ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ ಅಳೆಯುತ್ತದೆ, ಏರಿನಲ್ಲಿ ಉಗುಳುವ ನೀಲಿ ಹೊಗೆ ಆ ಯಂತ್ರಕ್ಕೆ ಕಾಣದೇ ಹೋಗಬಹುದು.